ಅಲಾಸ್ಕಾದ ಬೇಟೆಗೆ ಕೈಗೆಟುಕುವ ಹಳೆಯ ಬುಷ್ ವಿಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಅಲಾಸ್ಕಾದ ಬಹುಪಾಲು ನೆಲಕ್ಕೆ ರಸ್ತೆಯೇ ಇಲ್ಲ. ಬೇಟೆಯ ಋತುವಿನಲ್ಲಿ ಮೂಸ್ ಎಂಬ ಭಾರೀ ಗಾತ್ರದ ಜಿಂಕೆಜಾತಿಯ ಪ್ರಾಣಿಯನ್ನೋ ಕ್ಯಾರಿಬೂ ಎಂಬ ಹಿಮಸಾರಂಗವನ್ನೋ ಅರಸಿ ಒಳನಾಡಿಗೆ ಹೋಗುವವರು ನದಿಯ ನಡುವಿನ ಜಲ್ಲಿದಿಣ್ಣೆ, ಬೆಟ್ಟದ ಬೋಳು ನೆತ್ತಿ, ಟುಂಡ್ರಾ ಬಯಲುಗಳಲ್ಲಿ ಇಳಿಯಬಲ್ಲ ಸಣ್ಣ ವಿಮಾನವನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಅಂಥ ವಿಮಾನವನ್ನು ಒಂದು ಲಕ್ಷ ಡಾಲರಿನೊಳಗೆ ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಬೇಕೆಂದಿರುವ, ಒಬ್ಬ ಪೈಲಟ್ ಮತ್ತು ಹೆಚ್ಚೆಂದರೆ ಒಬ್ಬ ಜೊತೆಗಾರ ಇರುವ ಬೇಟೆಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ.

ಬುಷ್ ವಿಮಾನಕ್ಕೂ ಇತರ ಸಣ್ಣ ವಿಮಾನಗಳಿಗೂ ಏನು ವ್ಯತ್ಯಾಸ?

ಬುಷ್ ವಿಮಾನವೆಂದು ಬೇರೆಯದೇ ಒಂದು ಸರ್ಕಾರಿ ವರ್ಗವಿಲ್ಲ. ಮೇಲ್ಗಡೆ ರೆಕ್ಕೆ, ಮೂಗಿನ ಕೆಳಗೆ ಚಕ್ರವಿರುವ ಬದಲು ಬಾಲದ ಕೆಳಗೆ ಪುಟ್ಟ ಚಕ್ರ, ಕಡಿಮೆ ವೇಗದಲ್ಲೂ ಹಿಡಿತ ತಪ್ಪದ ರೆಕ್ಕೆಯ ವಿನ್ಯಾಸ, ಕಲ್ಲುಮುಳ್ಳಿನ ನೆಲವನ್ನು ತಾಳಿಕೊಳ್ಳುವ ಗಟ್ಟಿಮುಟ್ಟಾದ ಕಾಲುಗಳು ಇವಿಷ್ಟೂ ಇರುವ ವಿಮಾನವನ್ನು ಅಲ್ಲಿನವರು ಹಾಗೆ ಕರೆಯುತ್ತಾರೆ. ಬಾಲಚಕ್ರದ ಲಾಭ ಮುಖ್ಯವಾಗಿ ಎರಡು: ಪ್ರೊಪೆಲರ್ ನೆಲದಿಂದ ಎತ್ತರದಲ್ಲಿ ಉಳಿಯುತ್ತದೆ, ಗುಂಡಿಗೆ ಸಿಕ್ಕಿ ಮುರಿದುಹೋಗಲು ಮೂಗುಚಕ್ರದ ಸಪೂರ ಕಾಲು ಇರುವುದೇ ಇಲ್ಲ.

ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು?

ಮಾಂಸದ ತೂಕದಿಂದ. ಹೆಚ್ಚಿನವರು ವಿಮಾನದ ಹೆಸರಿನಿಂದಲೋ, ಅದು ಎಷ್ಟು ಅಡಿಯೊಳಗೆ ಇಳಿದು ನಿಲ್ಲುತ್ತದೆಂಬ ವಿಡಿಯೊಗಳಿಂದಲೋ ಆರಂಭಿಸುತ್ತಾರೆ. ಆದರೆ ಬೇಟೆಗೆ ಹೋಗುವಾಗಿನ ಪ್ರಯಾಣಕ್ಕಿಂತ ಬೇಟೆ ಮುಗಿಸಿ ಹೊರಡುವಾಗಿನ ಪ್ರಯಾಣವೇ ವಿಮಾನದ ನಿಜವಾದ ಪರೀಕ್ಷೆ. 1,600 ಪೌಂಡ್ ತೂಗುವ ದೊಡ್ಡ ಗಂಡು ಮೂಸ್‌ನಿಂದ ಸುಮಾರು 500 ಪೌಂಡ್ ಮಾಂಸ ಸಿಗುತ್ತದೆ. ಆ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಲಾಸ್ಕಾದಲ್ಲಿ ಅಪರಾಧ; ಮಾಂಸಕ್ಕಿಂತ ಮೊದಲು ಕೊಂಬನ್ನು ಸಾಗಿಸುವಂತೆಯೂ ಇಲ್ಲ. ಕೆಲವು ಬೇಟೆ ವಲಯಗಳಲ್ಲಿ ಮಾಂಸವನ್ನು ಮೂಳೆಯಿಂದ ಬಿಡಿಸದೆಯೇ ತರಬೇಕೆಂಬ ನಿಯಮವೂ ಇರುವುದರಿಂದ ಹೊರಬೇಕಾದ ತೂಕ ಇನ್ನೂ ಹೆಚ್ಚುತ್ತದೆ.

ಈಗ ಎಲ್ಲರ ಬಾಯಲ್ಲಿರುವ, ಪೈಪರ್ ಕಂಪನಿಯ ಎರಡು ಸೀಟಿನ ಸೂಪರ್ ಕಬ್‌ನ ಲೆಕ್ಕವನ್ನು ನೋಡೋಣ. ಜನ, ಇಂಧನ, ಸರಕು ಎಲ್ಲ ಸೇರಿ ಅದರ ಪ್ರಮಾಣಿತ ಗರಿಷ್ಠ ತೂಕ 1,750 ಪೌಂಡ್. ಕಾರ್ಖಾನೆಯಿಂದ ಹೊರಬಂದಾಗ ಅದು ಹಗುರವಾಗಿಯೇ ಇತ್ತು. ಆದರೆ ದೊಡ್ಡ ಟೈರು, ಬಲಪಡಿಸಿದ ಕಾಲು, ಹಿಗ್ಗಿಸಿದ ಸರಕುಜಾಗ ಎಲ್ಲ ಸೇರಿದ ಮೇಲೆ ಖಾಲಿ ತೂಕ 1,150 ಪೌಂಡ್ ಆಗಿದೆಯೆಂದುಕೊಳ್ಳಿ. ಉಳಿಯುವುದು 600. ಬಟ್ಟೆಬರೆ ತೊಟ್ಟ ಪೈಲಟ್‌ಗೆ 200, ತುರ್ತು ಸಾಮಗ್ರಿಗೆ 50, ಎರಡೂ ರೆಕ್ಕೆಗಳ ಟ್ಯಾಂಕುಗಳಲ್ಲಿ ತುಂಬುವ 36 ಗ್ಯಾಲನ್ ಇಂಧನಕ್ಕೆ ಗ್ಯಾಲನ್ನಿಗೆ 6 ಪೌಂಡಿನಂತೆ 216 ಕಳೆದರೆ ಸರಕಿಗೆ ಸಿಗುವುದು 134 ಪೌಂಡ್ ಮಾತ್ರ. ಅಂದರೆ ಒಂದು ಮೂಸ್‌ಗೆ ನಾಲ್ಕು ಸುತ್ತು, ಜೊತೆಗಾರನಿಗೆ ಮತ್ತು ಡೇರೆಗೆ ಇನ್ನೆರಡು. ಗರಿಷ್ಠ ತೂಕವನ್ನು 2,000 ಪೌಂಡಿಗೆ ಏರಿಸುವ ಅನುಮೋದಿತ ಮಾರ್ಪಾಡು ಆಗಿರುವ ಕಬ್ ಸಿಕ್ಕರೆ, ಆ ಮಾರ್ಪಾಡಿನ ಸ್ವಂತ ತೂಕವನ್ನು ಬದಿಗಿಟ್ಟು ನೋಡಿದರೆ, ಅದೇ ಲೆಕ್ಕ 384 ಪೌಂಡಿಗೆ ಏರುತ್ತದೆ. ಮೂಸ್ ಎರಡು ಸುತ್ತಿನಲ್ಲಿ ಹೊರಬರುತ್ತದೆ. ಜಾಹೀರಾತಿನ ಒಂದೇ ಒಂದು ಸಾಲು ಈ ವ್ಯತ್ಯಾಸವನ್ನು ಹೇಳುತ್ತದೆ, ಆದರೆ ಕೊಳ್ಳುವವರ ಕಣ್ಣು ಬಣ್ಣದ ಮೇಲಿರುತ್ತದೆ.

ಆದ್ದರಿಂದ ಯಾವ ವಿಮಾನವನ್ನೇ ನೋಡಹೊರಟರೂ ಮಾರುವವರಿಂದ ಮೊದಲು ಕೇಳಬೇಕಾದದ್ದು ಇತ್ತೀಚೆಗೆ ನಿಜವಾದ ತಕ್ಕಡಿಯ ಮೇಲೆ ತೂಗಿದ ಖಾಲಿ ತೂಕದ ಪತ್ರವನ್ನು. ಹತ್ತಾರು ವರ್ಷಗಳಿಂದ ಕಾಗದದ ಮೇಲಷ್ಟೇ ಕೂಡಿ ಕಳೆಯುತ್ತ ಬಂದ ತೂಕಕ್ಕೂ ತಕ್ಕಡಿ ತೋರಿಸುವ ತೂಕಕ್ಕೂ ಹೊಂದಾಣಿಕೆಯಿರುವುದು ಅಪರೂಪ, ಮತ್ತು ತಪ್ಪು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಇರುತ್ತದೆ: ತಕ್ಕಡಿಯ ತೂಕವೇ ಹೆಚ್ಚು.

ಸೂಪರ್ ಕಬ್ ಇಷ್ಟು ದುಬಾರಿ ಏಕೆ? ಅದು ಬೇಕೇ ಬೇಕೆ?

1949ರಲ್ಲಿ ಬಂದ ಪಿಎ-18 ಸೂಪರ್ ಕಬ್ ನಂತರದ ಮಾದರಿಗಳಲ್ಲಿ 150 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಪಡೆದು ಅಲಾಸ್ಕಾದ ಮನೆಮಾತಾಯಿತು. ಲೆಕ್ಕವಿಲ್ಲದಷ್ಟು ಅನುಮೋದಿತ ಮಾರ್ಪಾಡುಗಳು ಅದಕ್ಕಿವೆ. ಪ್ರತಿಯೊಂದು ಬಿಡಿಭಾಗವೂ ಹೊಸದಾಗಿ ಸಿಗುತ್ತದೆ. ಅದನ್ನು ರಿಪೇರಿ ಮಾಡಲು ಬಾರದ ಮೆಕ್ಯಾನಿಕ್ ಅಲಾಸ್ಕಾದಲ್ಲಿ ಸಿಗುವುದು ಕಷ್ಟ. ಇಷ್ಟೆಲ್ಲಕ್ಕೂ ಬೆಲೆ ತೆರಬೇಕು, ಹಾಗಾಗಿ ಒಳ್ಳೆಯ ಸ್ಥಿತಿಯಲ್ಲಿರುವ ಸೂಪರ್ ಕಬ್ ಒಂದು ಲಕ್ಷ ಡಾಲರನ್ನು ಸುಲಭವಾಗಿ ದಾಟುತ್ತದೆ. ಅದಕ್ಕಿಂತ ಬಹಳ ಕಡಿಮೆಗೆ ಸಿಕ್ಕಿತೆಂದರೆ ಒಳಗೆ ಏನೋ ಕಾದಿದೆಯೆಂದೇ ತಿಳಿಯಬೇಕು.

ನೀವು ಇಳಿಯಬೇಕೆಂದಿರುವ ಜಾಗ ಬೆಟ್ಟದ ನೆತ್ತಿಯ ಕೆಲವೇ ನೂರು ಅಡಿಯಾಗಿದ್ದರೆ, ಬೆಟ್ಟದ ಬಿಳಿ ಕಾಡುಕುರಿಯಾದ ಡಾಲ್ ಟಗರಿನ ಬೇಟೆಯೇ ನಿಮ್ಮ ಗುರಿಯಾಗಿದ್ದರೆ, ಸೂಪರ್ ಕಬ್‌ಗೆ ಸಮನಾದ ಬದಲಿಯಿಲ್ಲ. ಸಾವಿರ ಅಡಿಗೂ ಮೀರಿದ ಜಲ್ಲಿದಿಣ್ಣೆಗಳಿಗೆ ಹೋಗುವವರು ಅದರ ಹೆಸರಿಗೆ ಹಣ ಸುರಿಯುವ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ.

ಅದಕ್ಕಿಂತ ಅಗ್ಗದ ವಿಮಾನಗಳಲ್ಲಿ ಯಾವುದು ಯೋಗ್ಯ?

ಮೊದಲಿಗೆ ಪೈಪರ್ ಪಿಎ-12 ಸೂಪರ್ ಕ್ರೂಸರ್. 1946ರಿಂದ 1948ರವರೆಗೆ ತಯಾರಾದ ಈ ವಿಮಾನದಲ್ಲಿ ಮುಂದೆ ಪೈಲಟ್, ಹಿಂದೆ ಇಬ್ಬರು ಕೂರುವಷ್ಟು ಅಗಲದ ಸೀಟು. ಮೂಲ ಎಂಜಿನ್ ಕಡಿಮೆ ಶಕ್ತಿಯದು. ಆದರೆ ಅಲಾಸ್ಕಾದಲ್ಲಿ ಸಿಗುವ ಬಹಳಷ್ಟು ಪಿಎ-12ಗಳಿಗೆ 150 ಅಥವಾ 160 ಅಶ್ವಶಕ್ತಿಯ ಎಂಜಿನ್ ಹಾಗೂ ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಕೆಳಕ್ಕೆ ಬಾಗುವ ಫ್ಲ್ಯಾಪ್‌ಗಳನ್ನು ಹಿಂದೆಯೇ ಜೋಡಿಸಲಾಗಿರುತ್ತದೆ. ಹಾಗೆ ಬದಲಾದ ಪಿಎ-12 ಸೂಪರ್ ಕಬ್‌ಗಿಂತ ತುಸು ಭಾರ, ತುಸು ವೇಗ, ಒಳಗೆ ಹೆಚ್ಚು ವಿಶಾಲ. ಹಿಂದಿನ ಸೀಟು ತೆಗೆದರೆ ಮೂಸ್‌ನ ತೊಡೆಗಳನ್ನು ಇಡಲು ಅದರಷ್ಟು ಅನುಕೂಲವಾದ ಜಾಗ ಈ ಗಾತ್ರದ ವಿಮಾನಗಳಲ್ಲಿ ಇನ್ನೊಂದಿಲ್ಲ.

ಎರಡನೆಯದು ಪೈಪರ್ ಪೇಸರ್. 1950ರ ದಶಕದ ಆರಂಭದ ಈ ನಾಲ್ಕು ಸೀಟಿನ ವಿಮಾನಕ್ಕೆ ಮೂಗುಚಕ್ರ ಹಾಕಿದ ರೂಪವೇ ಟ್ರೈ-ಪೇಸರ್. ಆ ಟ್ರೈ-ಪೇಸರ್‌ಗಳನ್ನು ಮತ್ತೆ ಬಾಲಚಕ್ರಕ್ಕೆ ಪರಿವರ್ತಿಸಿದವು ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ಇದರ ರೆಕ್ಕೆ ಕಬ್‌ನ ರೆಕ್ಕೆಗಿಂತ ಗಿಡ್ಡ. ಆದ್ದರಿಂದ ಎಂಜಿನ್ ಶಕ್ತಿ ಇಳಿಸಿದೊಡನೆ ವಿಮಾನ ಬೇಗ ಕೆಳಕ್ಕಿಳಿಯುತ್ತದೆ, ಮೇಲೇಳಲು ಹೆಚ್ಚು ನೆಲ ಬೇಡುತ್ತದೆ. ಈ ದೋಷವನ್ನು ಒಪ್ಪಿಕೊಂಡು ಉದ್ದನೆಯ ದಿಣ್ಣೆಗಳಿಗಷ್ಟೇ ಹೋಗುವವರಿಗೆ ಕೊಟ್ಟ ಹಣಕ್ಕೆ ಪೇಸರ್‌ಗಿಂತ ಹೆಚ್ಚು ಸಿಗುವ ವಿಮಾನ ಬೇರೆಯಿಲ್ಲ.

ಟೇಲರ್‌ಕ್ರಾಫ್ಟ್ ಬಿಸಿ-12ಡಿ ಮತ್ತು ಎರಾಂಕಾ ಚಾಂಪ್ ಎಲ್ಲಕ್ಕಿಂತ ಅಗ್ಗ. ಮೂಲರೂಪದಲ್ಲಿ ಎರಡಕ್ಕೂ 65 ಅಶ್ವಶಕ್ತಿಯ ಎಂಜಿನ್, ಗರಿಷ್ಠ ತೂಕ ಸುಮಾರು 1,200 ಪೌಂಡ್. ಒಬ್ಬರೇ ಹೋಗಿ ಕ್ಯಾರಿಬೂ ತರುವುದಾದರೆ ತಾಳ್ಮೆಯಿಂದ ಹಲವು ಸುತ್ತು ಹಾಕಿ ಕೆಲಸ ಮುಗಿಸಬಹುದು. ಮೂಸ್ ಬೇಟೆಗೆ ಇವು ಬೇಡ.

ಸಿಟಾಬ್ರಿಯಾದ 7ಜಿಸಿಬಿಸಿ ಮಾದರಿ 150 ಅಶ್ವಶಕ್ತಿ ಹಾಗೂ ಫ್ಲ್ಯಾಪ್‌ಗಳೊಂದಿಗೆ ಬರುತ್ತದೆ. ಅದರ ಅಣ್ಣನಂತಿರುವ ಸ್ಕೌಟ್‌ಗೆ 180 ಅಶ್ವಶಕ್ತಿ, 2,150 ಪೌಂಡ್ ಗರಿಷ್ಠ ತೂಕ. ಸ್ಕೌಟ್ ನಿಜಕ್ಕೂ ದುಡಿಯುವ ವಿಮಾನ, ಆದರೆ ಬೆಲೆಯೂ ಅದಕ್ಕೆ ತಕ್ಕಂತೆ. ಹಳೆಯ ಸಿಟಾಬ್ರಿಯಾಗಳ ರೆಕ್ಕೆಯ ಮರದ ತೊಲೆಗಳ ವಿಚಾರವನ್ನು ಮುಂದೆ ಹೇಳಲಾಗಿದೆ.

ಸ್ಟಿನ್ಸನ್ 108-3 ಕಾಗದದ ಮೇಲೆ ಬಹಳ ಆಕರ್ಷಕ: 2,400 ಪೌಂಡ್ ಗರಿಷ್ಠ ತೂಕ, ಸೌಮ್ಯ ಸ್ವಭಾವ, ಕಡಿಮೆ ಬೆಲೆ. ಅದರ ಮೂಲ ಫ್ರಾಂಕ್ಲಿನ್ ಎಂಜಿನ್‌ಗೆ ಬಿಡಿಭಾಗ ಹುಡುಕುವುದು ಇಂದು ದೊಡ್ಡ ತಲೆನೋವು. ಬೇರೆ ಎಂಜಿನ್ ಜೋಡಿಸಿದ್ದು ಸಿಕ್ಕರೆ ನೋಡಿ, ಇಲ್ಲದಿದ್ದರೆ ಮುಂದೆ ಸಾಗಿ. ಜಾರ್ಜಿಯಾ ರಾಜ್ಯದ ಮೌಲ್ಟ್ರಿಯಲ್ಲಿ ತಯಾರಾಗುವ ಮೌಲ್ ವಿಮಾನಗಳು ನಾಲ್ಕು ಸೀಟು ಮತ್ತು ಚಿಕ್ಕ ಓಟ ಎರಡೂ ಬೇಕೆನ್ನುವವರಿಗೆ ಸೆಸ್ನಾ 180ಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ನೆಲದ ಮೇಲೆ ಅವು ಬಾಲಚಕ್ರದ ಪೈಲಟ್‌ನಿಂದ ಪೂರ್ಣ ಗಮನವನ್ನು ಬೇಡುತ್ತವೆ.

ಸೆಸ್ನಾ 170 ಮತ್ತು 180ರ ನಡುವೆ ಯಾವುದು?

ಹಣವಿದ್ದರೆ 180. ಆದರೆ ಇಲ್ಲಿನ ಪ್ರಶ್ನೆಯೇ ಹಣವಿಲ್ಲದಿರುವುದು.

170ಬಿ ಮಾದರಿ 1952ರಿಂದ 1956ರವರೆಗೆ ತಯಾರಾಯಿತು. ಆರು ಸಿಲಿಂಡರಿನ, 145 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, 2,200 ಪೌಂಡ್ ಗರಿಷ್ಠ ತೂಕ, 40 ಡಿಗ್ರಿಯವರೆಗೆ ಇಳಿಯುವ ದೊಡ್ಡ ಫ್ಲ್ಯಾಪ್‌ಗಳು. ಖಾಲಿ ತೂಕ 1,300 ಪೌಂಡ್ ಎಂದಿಟ್ಟುಕೊಂಡರೆ ಪೈಲಟ್, ತುರ್ತು ಸಾಮಗ್ರಿ, ತುಂಬಿದ ಟ್ಯಾಂಕ್ ಎಲ್ಲ ಕಳೆದು ಇನ್ನೂ ಸುಮಾರು 400 ಪೌಂಡ್ ಉಳಿಯುತ್ತದೆ. 1953ರಲ್ಲಿ ಬಂದ ಮೊದಲ 180ರ ಗರಿಷ್ಠ ತೂಕ 2,550 ಪೌಂಡ್. ಆದರೆ ಅದರ ಖಾಲಿ ತೂಕವೂ ಹೆಚ್ಚು, ಟ್ಯಾಂಕೂ ದೊಡ್ಡದು. ಹೀಗಾಗಿ ಟ್ಯಾಂಕ್ ತುಂಬಿಸಿ ಹೊರಟಾಗ ಎರಡರ ಸರಕಿನ ಅಂಕಿ ಕಾಗದದಲ್ಲಿ ಅಷ್ಟೇನೂ ದೂರವಿರುವುದಿಲ್ಲ.

ವ್ಯತ್ಯಾಸ ತಿಳಿಯುವುದು ಒದ್ದೆ ಜಲ್ಲಿಯ ಮೇಲೆ. 145 ಅಶ್ವಶಕ್ತಿಯ 170 ತನ್ನ ಪೂರ್ಣ ತೂಕದಲ್ಲಿ ಚಿಕ್ಕ ದಿಣ್ಣೆಯಿಂದ ಏಳಲಾರದು. 225 ಅಶ್ವಶಕ್ತಿಯ 180 ಎದ್ದು ಮರಗಳನ್ನೂ ದಾಟುತ್ತದೆ. ತೂಕದ ಪತ್ರ ಹೇಳುವ ಸರಕು ಒಂದು, ಇಳಿದಾಣ ಬಿಟ್ಟುಕೊಡುವ ಸರಕು ಇನ್ನೊಂದು. 170ರ ಮಾಲೀಕರು ದಿಣ್ಣೆಯಿಂದ ಅರ್ಧ ಸರಕಿನೊಂದಿಗೆ ಎದ್ದು, ಹತ್ತಿರದ ಉದ್ದನೆಯ ರನ್‌ವೇಯಲ್ಲಿ ಕೂಡಿಹಾಕಿ, ಅಲ್ಲಿಂದ ಪೂರ್ಣ ತೂಕದೊಂದಿಗೆ ಊರಿಗೆ ಹೊರಡುವ ಕ್ರಮವನ್ನು ಅನುಸರಿಸುತ್ತಾರೆ. ಇದು ಒಳ್ಳೆಯ ಕ್ರಮ. 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಜೋಡಿಸಿರುವ 170 ಸಿಕ್ಕರೆ ಈ ಕೊರತೆ ಬಹಳ ಮಟ್ಟಿಗೆ ನೀಗುತ್ತದೆ. ನನ್ನನ್ನು ಕೇಳಿದರೆ, ಮಧ್ಯಮ ಬಜೆಟ್‌ನ ಮೂಸ್ ಬೇಟೆಗಾರನಿಗೆ ಅಂಥ 170ಬಿ ಇಲ್ಲವೆ ದೊಡ್ಡ ಎಂಜಿನ್‌ನ ಪಿಎ-12, ಇವೆರಡೇ ಮೊದಲ ಆಯ್ಕೆಗಳು.

ಮೂಗುಚಕ್ರದ ಸೆಸ್ನಾ 172 ಅಥವಾ 182 ಸಾಲದೆ?

ಹಳ್ಳಿಗಳ ಜಲ್ಲಿ ರನ್‌ವೇಗಳು ಮತ್ತು ಗಣಿಗಾರರು ಮಾಡಿಟ್ಟ ಉದ್ದನೆಯ ಇಳಿದಾಣಗಳಿಗೆ ಧಾರಾಳವಾಗಿ ಸಾಕು, ವಿಶೇಷವಾಗಿ 182. ತಯಾರಿಸಿದ ರನ್‌ವೇ ಬಿಟ್ಟು ಹೊರಗೆ ಇಳಿಯುವುದಾದರೆ ಮೂಗುಚಕ್ರದ ಕಾಲು ಮತ್ತು ಅದರ ಹಿಂದಿರುವ ಎಂಜಿನ್ ಗೋಡೆ ಮೊದಲು ಪೆಟ್ಟು ತಿನ್ನುತ್ತವೆ. ಕೊಳ್ಳುವಾಗ 182ರ ಆ ಗೋಡೆಯ ಸುಕ್ಕನ್ನು ತಪ್ಪದೆ ನೋಡಬೇಕು.

ಕಿಟ್‌ನಿಂದ ಮನೆಯಲ್ಲಿ ಕಟ್ಟಿದ ವಿಮಾನಗಳು?

ಬೇರ್‌ಹಾಕ್, ಕಿಟ್‌ಫಾಕ್ಸ್, ರಾನ್ಸ್ ಎಸ್-7 ಮುಂತಾದವು ಕಡಿಮೆ ತೂಕ, ಹೊಸ ವಿನ್ಯಾಸ ಎರಡನ್ನೂ ಕೊಡುತ್ತವೆ. ಮಾಲೀಕರೇ ರಿಪೇರಿ ಮಾಡಿಕೊಳ್ಳಬಹುದೆಂಬುದು ದೊಡ್ಡ ಉಳಿತಾಯ; ಆದರೆ ವರ್ಷಕ್ಕೊಮ್ಮೆ ನಡೆಯುವ ಸ್ಥಿತಿ ಪರಿಶೀಲನೆಗೆ ಸಹಿ ಹಾಕುವ ಹಕ್ಕು ಕಟ್ಟಿದವರಿಗೆ ಸಿಗುತ್ತದೆಯೇ ಹೊರತು ಅವರಿಂದ ಕೊಂಡವರಿಗಲ್ಲ. ಕಟ್ಟಿದವರ ಕೈಕೆಲಸದ ಗುಣವೇ ವಿಮಾನದ ಗುಣ. ಪರಿಣತರ ಕಣ್ಣಿಲ್ಲದೆ ಇವನ್ನು ಕೊಳ್ಳಬಾರದು.

ಹಳೆಯ ವಿಮಾನವನ್ನು ಕೊಳ್ಳುವ ಮುನ್ನ ಏನೇನು ಪರೀಕ್ಷಿಸಬೇಕು?

ಮೊದಲನೆಯದಾಗಿ, ಪರೀಕ್ಷಿಸುವವರು ಆ ಮಾದರಿಯನ್ನು ಬಲ್ಲ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಆಗಿರಬೇಕು. ಈ ವಿಮಾನವನ್ನು ಇಷ್ಟು ವರ್ಷ ತಾನೇ ನೋಡಿಕೊಂಡು ಬಂದವನು ತನ್ನ ಕೆಲಸದ ದೋಷವನ್ನು ತಾನೇ ಎತ್ತಿ ತೋರಿಸುವನೆಂದು ನಿರೀಕ್ಷಿಸುವುದು ಸರಿಯಲ್ಲ.

ಪೈಪರ್‌ಗಳಂಥ ಬಟ್ಟೆಹೊದಿಕೆಯ ವಿಮಾನಗಳಲ್ಲಿ ಹೊದಿಕೆಗಿಂತ ಅದರೊಳಗಿನ ಉಕ್ಕಿನ ಕೊಳವೆಗಳೇ ಮುಖ್ಯ. ಬಾಲದ ಕಡೆಯ ಕೆಳಗಿನ ಕೊಳವೆಗಳಲ್ಲಿ ನೀರು ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗೆ ಹೊಳೆಯುವ ಬಣ್ಣ, ಒಳಗೆ ಕಾಗದದಷ್ಟು ತೆಳುವಾದ ಲೋಹ. ಚೂಪಾದ ದಬ್ಬಳದಿಂದ ಒತ್ತಿ ನೋಡಿದಾಗ ಕೊಳವೆ ತಗ್ಗಿದರೆ ಹೊದಿಕೆ ಬಿಚ್ಚಿ ಬೆಸುಗೆ ಹಾಕದೆ ವಿಧಿಯಿಲ್ಲ, ಮತ್ತು ಮತ್ತೆ ಹೊದಿಕೆ ಹಾಕಿಸುವ ಖರ್ಚು ಅಗ್ಗದ ವಿಮಾನವೊಂದರ ಬೆಲೆಯನ್ನೇ ಸಮೀಪಿಸಬಹುದು. ರೆಕ್ಕೆಯನ್ನು ವಿಮಾನದ ಒಡಲಿಗೆ ಆನಿಸುವ ಓರೆ ಕಂಬಗಳಾದ ಸ್ಟ್ರಟ್‌ಗಳ ಒಳತುಕ್ಕಿನ ಬಗ್ಗೆ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಕಡ್ಡಾಯ ಆದೇಶ ಹೊರಡಿಸಿದೆ. ಮೊಹರು ಮಾಡಿದ ಹೊಸ ಮಾದರಿಯ ಸ್ಟ್ರಟ್‌ಗಳಿಲ್ಲದಿದ್ದರೆ 24 ತಿಂಗಳಿಗೊಮ್ಮೆ ಪರೀಕ್ಷೆ ನಡೆಯುತ್ತಲೇ ಇರಬೇಕು. ವಿಮಾನ ಹಿಂದೆ ಎಂದಾದರೂ ಫ್ಲೋಟ್‌ಗಳ ಮೇಲೆ ಸಮುದ್ರದ ನೀರಿನಲ್ಲಿ ಓಡಿತ್ತೇ ಎಂಬುದನ್ನು ನೇರವಾಗಿ ಕೇಳಿ.

ಸಿಟಾಬ್ರಿಯಾ, ಚಾಂಪ್ ಕುಟುಂಬದ ಹಳೆಯ ವಿಮಾನಗಳಲ್ಲಿ ರೆಕ್ಕೆಯ ಮರದ ತೊಲೆಯಲ್ಲಿ ಒತ್ತಡದಿಂದ ಬರುವ ಸೂಕ್ಷ್ಮ ಬಿರುಕುಗಳನ್ನು ಹುಡುಕುವಂತೆ ಆದೇಶವಿದೆ. ರೆಕ್ಕೆಯ ತುದಿ ಎಂದಾದರೂ ನೆಲಕ್ಕೆ ಬಡಿದಿದ್ದರೆ ಆ ತೊಲೆಯನ್ನು ಸಂದೇಹದಿಂದಲೇ ನೋಡಬೇಕು. ಲೋಹದ ತೊಲೆಗೆ ಬದಲಾಯಿಸಿರುವ ವಿಮಾನಕ್ಕೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಸೆಸ್ನಾ 170 ಮತ್ತು 180ರಲ್ಲಿ ಕಾಲುಗಳು ಒಡಲಿಗೆ ಸೇರುವ ಪೆಟ್ಟಿಗೆಯಂಥ ಭಾಗವನ್ನು ಸೀಟಿನ ಕೆಳಗಿನ ನೆಲಹಾಸು ತೆಗೆಸಿ ನೋಡಬೇಕು. ಬಿರುಸಾದ ಇಳಿತಗಳ ಚರಿತ್ರೆಯೆಲ್ಲ ಅಲ್ಲಿನ ರಿವೆಟ್‌ಗಳಲ್ಲಿ ಬರೆದಿರುತ್ತದೆ. ಸೀಟು ಜಾರುವ ಹಳಿಗಳ ಸವೆತದ ಬಗ್ಗೆಯೂ ಆದೇಶವಿದೆ. ಇದನ್ನು ಚಿಲ್ಲರೆ ವಿಷಯವೆಂದು ತಳ್ಳಿಹಾಕಬಾರದು: ನೆಲ ಬಿಟ್ಟೇಳುವ ಕ್ಷಣದಲ್ಲಿ ಸೀಟು ಹಿಂದಕ್ಕೆ ಜಾರಿದರೆ ಪೈಲಟ್ ತನಗರಿವಿಲ್ಲದೆಯೇ ವಿಮಾನದ ಮೂಗನ್ನು ಎತ್ತುವ ಹಿಡಿಯನ್ನು ಎಳೆದುಕೊಂಡು ಹಿಂದೆ ಹೋಗುತ್ತಾನೆ. ರಬ್ಬರು ಚೀಲದ ಟ್ಯಾಂಕುಗಳಿರುವ 180ಗಳಲ್ಲಿ ಆ ಚೀಲದ ಸುಕ್ಕುಗಳೊಳಗೆ ನೀರು ಅಡಗಿ ನಿಂತು, ನೆಲದ ಮೇಲಿನ ಪರೀಕ್ಷೆಯಲ್ಲಿ ಸಿಕ್ಕದೆ, ವಿಮಾನದ ಭಂಗಿ ಬದಲಾದಾಗ ಎಂಜಿನ್‌ಗೆ ಹರಿಯುತ್ತದೆ.

ಎಂಜಿನ್ ಎಷ್ಟು ಗಂಟೆ ಓಡಿದ್ದರೆ ಕೊಳ್ಳಬಹುದು?

ಗಂಟೆಗಿಂತ ಅದು ಓಡಿದ ರೀತಿ ಮುಖ್ಯ. 150 ಅಶ್ವಶಕ್ತಿಯ ಲೈಕಮಿಂಗ್ ಓ-320ಕ್ಕೆ ತಯಾರಕರು 2,000 ಗಂಟೆ ಅಥವಾ 12 ವರ್ಷಗಳಿಗೊಮ್ಮೆ ಪೂರ್ತಿ ಬಿಚ್ಚಿ ಸವೆದ ಭಾಗ ಬದಲಿಸುವ ಓವರ್‌ಹಾಲ್ ಸೂಚಿಸುತ್ತಾರೆ. ಖಾಸಗಿ ಬಳಕೆಯಲ್ಲಿ ಅದು ಕಾನೂನಿನ ಕಟ್ಟಲ್ಲ. ಈ ಎಂಜಿನ್‌ಗಳಲ್ಲಿ ಕವಾಟಗಳನ್ನು ತೆರೆದು ಮುಚ್ಚಿಸುವ ದಂಡವಾದ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುವುದರಿಂದ ವಿಮಾನ ತಿಂಗಳುಗಟ್ಟಲೆ ನಿಂತಾಗ ಎಣ್ಣೆಯೆಲ್ಲ ಕೆಳಗಿಳಿದು ಅದಕ್ಕೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಹತ್ತು ವರ್ಷಗಳ ಹಿಂದೆ ಓವರ್‌ಹಾಲ್ ಆಗಿ ಕೇವಲ 150 ಗಂಟೆ ಓಡಿದ ಎಂಜಿನ್‌ಗಿಂತ, ವಾರವಾರವೂ ಹಾರುತ್ತ 1,200 ಗಂಟೆ ಮುಗಿಸಿದ್ದು ಹಲವು ಬಾರಿ ಹೆಚ್ಚು ನಂಬಿಕಸ್ಥ. ಸಿಲಿಂಡರ್‌ಗಳ ಒತ್ತಡದ ಪರೀಕ್ಷೆಯ ಜೊತೆಗೆ ಒಳಗೆ ಕ್ಯಾಮೆರಾ ಇಳಿಸಿ ನೋಡಿಸಿ, ಎಣ್ಣೆಯ ಫಿಲ್ಟರನ್ನು ಕತ್ತರಿಸಿ ಲೋಹದ ಚೂರುಗಳಿಗಾಗಿ ಹುಡುಕಿಸಿ. ಪ್ರೊಪೆಲರ್ ನೆಲಕ್ಕೆ ಬಡಿದದ್ದು ಲಾಗ್‌ಬುಕ್ಕಿನಲ್ಲಿದ್ದರೆ ನಂತರ ಎಂಜಿನ್ ಬಿಚ್ಚಿ ನೋಡಿದ ದಾಖಲೆಯೂ ಇರಲೇಬೇಕು.

ಕಾಗದಪತ್ರಗಳಲ್ಲಿ ಏನು ನೋಡಬೇಕು?

ಓಕ್ಲಹೋಮಾ ಸಿಟಿಯಲ್ಲಿರುವ ಎಫ್‌ಎಎ ದಾಖಲೆ ಕಚೇರಿಯಿಂದ ಯಾವುದೇ ವಿಮಾನದ ನೋಂದಣಿ ಮತ್ತು ಮಾರ್ಪಾಡುಗಳ ಇತಿಹಾಸವನ್ನು ಯಾರು ಬೇಕಾದರೂ ತರಿಸಿಕೊಳ್ಳಬಹುದು. ಅದನ್ನು ವಿಮಾನದ ಪಕ್ಕದಲ್ಲಿ ನಿಂತು ಓದಬೇಕು: ಕಣ್ಣೆದುರಿಗಿರುವ ಪ್ರತಿ ಮಾರ್ಪಾಡಿಗೂ ಒಂದು ಅನುಮೋದನೆ ಪತ್ರವಿದೆಯೇ? ಅಲಾಸ್ಕಾದ ಕೊಟ್ಟಿಗೆಗಳಲ್ಲಿ ಜೋಡಿಸಿದ, ಎಲ್ಲೂ ದಾಖಲಾಗದ ಸಲಕರಣೆಗಳು ಎಷ್ಟೇ ಉಪಯುಕ್ತವಾಗಿದ್ದರೂ ಮುಂದಿನ ವಾರ್ಷಿಕ ತಪಾಸಣೆಯಲ್ಲಿ ನಿಮ್ಮ ಹೊಣೆಯಾಗುತ್ತವೆ. ವಿಮಾನದ ಮೇಲೆ ಸಾಲದ ಹಕ್ಕು ಬಾಕಿಯಿದೆಯೇ ಎಂಬುದನ್ನೂ ಹಣ ಕೊಡುವ ಮುನ್ನವೇ ಖಚಿತಪಡಿಸಿಕೊಳ್ಳಿ.

ದೊಡ್ಡ ಟೈರುಗಳು, ಇತರ ಮಾರ್ಪಾಡುಗಳು: ಯಾವುದಕ್ಕೆ ಖರ್ಚು ಮಾಡಬೇಕು?

ಕೊಂಡ ಮೇಲೆ ಜೋಡಿಸುವುದಕ್ಕಿಂತ ಜೋಡಿಸಿರುವುದನ್ನೇ ಕೊಳ್ಳುವುದು ಅಗ್ಗ. ಕಬ್‌ಗಳಲ್ಲಿ ಸಾಮಾನ್ಯವಾದ 31 ಇಂಚಿನ ಮೆದು ಟೈರುಗಳು ತಲೆಗಾತ್ರದ ಕಲ್ಲುಗಳ ಮೇಲೂ ಉರುಳುತ್ತವೆ. ಆದರೆ ಅವು ದುಬಾರಿ, ಭಾರ, ಮತ್ತು ವೇಗವನ್ನು ತಿನ್ನುತ್ತವೆ. ಜಲ್ಲಿದಿಣ್ಣೆಗೆ 26 ಇಂಚಿನವೇ ಹಲವು ಬಾರಿ ಸಾಕಾಗುತ್ತವೆ. ಹತ್ತಲು ಅನುಕೂಲವಾದ ಕಡಿಮೆ ತಿರುಪಿನ ಉದ್ದ ಪ್ರೊಪೆಲರ್, ಗಟ್ಟಿಯಾದ ಬಾಲಚಕ್ರ, ಭುಜಕ್ಕೂ ಬರುವ ಸೀಟ್‌ಬೆಲ್ಟ್, ಈ ಮೂರೂ ಮೊದಲು ಬರಲಿ. ಸೀಟ್‌ಬೆಲ್ಟ್ ಬಗ್ಗೆ ಯಾರೂ ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ, ಆದರೂ ಪಟ್ಟಿಯಲ್ಲಿ ಅದರ ಸ್ಥಾನ ಮೊದಲನೆಯದು.

ಕೊಂಡ ಮೇಲೆ ಬರುವ ಖರ್ಚುಗಳು ಯಾವುವು?

ವಾರ್ಷಿಕ ತಪಾಸಣೆ, ನಿಲ್ಲಿಸುವ ಜಾಗದ ಬಾಡಿಗೆ, ಇಂಧನ, ಮುಂದಿನ ಓವರ್‌ಹಾಲ್‌ಗೆ ಗಂಟೆಗಿಷ್ಟೆಂದು ಎತ್ತಿಡುವ ಹಣ, ಎಲ್ಲಕ್ಕೂ ಮೇಲಾಗಿ ವಿಮೆ. 150 ಅಶ್ವಶಕ್ತಿಯ ಎಂಜಿನ್ ಗಂಟೆಗೆ ಎಂಟೊಂಬತ್ತು ಗ್ಯಾಲನ್ ಕುಡಿದರೆ ಸೆಸ್ನಾ 180ರ ಎಂಜಿನ್ ಹನ್ನೆರಡನ್ನೂ ಮೀರುತ್ತದೆ. ಬಾಲಚಕ್ರದ ಅನುಭವ ಕಡಿಮೆಯಿರುವವರಿಗೆ ವಿಮೆ ದುಬಾರಿ. ಕೆಲವು ಪಾಲಿಸಿಗಳು ರನ್‌ವೇ ಬಿಟ್ಟು ಹೊರಗೆ ಇಳಿದಾಗಿನ ಹಾನಿಯನ್ನು ತುಂಬಿಕೊಡುವುದೇ ಇಲ್ಲ. ನೀವು ವಿಮಾನ ಕೊಳ್ಳುತ್ತಿರುವುದೇ ಹೊರಗೆ ಇಳಿಯಲೆಂದು. ಆದ್ದರಿಂದ ಮುಂಗಡ ಕೊಡುವ ಮುನ್ನ ಪಾಲಿಸಿಯ ಆ ಸಾಲನ್ನು ಓದಿ.

ಯಾವ ತರಬೇತಿ ಬೇಕು?

ಖಾಸಗಿ ಪೈಲಟ್ ಲೈಸೆನ್ಸಿನ ಜೊತೆಗೆ ಬಾಲಚಕ್ರದ ವಿಮಾನಕ್ಕೆ ಶಿಕ್ಷಕರ ಪ್ರತ್ಯೇಕ ಒಪ್ಪಿಗೆ ಬೇಕು. 200 ಅಶ್ವಶಕ್ತಿ ಮೀರಿದ ಎಂಜಿನ್ ಇದ್ದರೆ ಇನ್ನೊಂದು ಒಪ್ಪಿಗೆ. ಇವು ಕಾನೂನಿನ ಕನಿಷ್ಠ. ಜಲ್ಲಿದಿಣ್ಣೆಯ ಮೇಲಿಂದ ನಿಧಾನವಾಗಿ ಹಾರುತ್ತ ಅದರ ಉದ್ದ, ಇಳಿಜಾರು, ಕಲ್ಲಿನ ಗಾತ್ರ, ಗಾಳಿಯ ದಿಕ್ಕನ್ನು ಅಂದಾಜು ಮಾಡುವುದನ್ನು ಆ ಪ್ರದೇಶದ ಅನುಭವಿ ಶಿಕ್ಷಕರ ಜೊತೆಯಲ್ಲೇ ಕಲಿಯಬೇಕು. ಇದಕ್ಕಾಗಿ ಬಜೆಟ್‌ನ ಒಂದು ಭಾಗವನ್ನು ಮುಟ್ಟದೆ ಇಟ್ಟಿರಿ. ಅದರಿಂದಾಗಿ ಒಂದು ದರ್ಜೆ ಕೆಳಗಿನ ವಿಮಾನ ಕೊಳ್ಳಬೇಕಾಗಿ ಬಂದರೂ ಚಿಂತೆಯಿಲ್ಲ.

ವಿಮಾನದಿಂದ ಪ್ರಾಣಿಯನ್ನು ನೋಡಿ, ಇಳಿದು ಬೇಟೆಯಾಡಬಹುದೇ?

ಅದೇ ದಿನ ಸಾಧ್ಯವಿಲ್ಲ. ವಿಮಾನದಲ್ಲಿ ಹಾರಿದವರು ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುವಂತಿಲ್ಲವೆಂಬುದು ಅಲಾಸ್ಕಾದ ನಿಯಮ; (ಮೂಸ್ ಅಲ್ಲದ) ಜಿಂಕೆಯಂಥ ಕೆಲವು ವಿನಾಯಿತಿಗಳಿವೆ. ಡಾಲ್ ಟಗರಿನ ಋತುವಿನಲ್ಲಿ ವಿಮಾನದಿಂದ ಟಗರುಗಳನ್ನು ಹುಡುಕುವುದಕ್ಕೇ ನಿರ್ಬಂಧವಿದೆ. ವಿಮಾನದಿಂದ ಗುಂಡು ಹಾರಿಸುವುದು ಮತ್ತು ಪ್ರಾಣಿಗಳನ್ನು ಅಟ್ಟಾಡಿಸುವುದನ್ನು 1971ರ ಕೇಂದ್ರ ಕಾನೂನು ನಿಷೇಧಿಸುತ್ತದೆ. ಕೆಲವು ನಿಯಂತ್ರಿತ ವಲಯಗಳಿಗೆ ಬೇಟೆಗಾಗಿ ವಿಮಾನದಲ್ಲಿ ಹೋಗುವುದೇ ನಿಷಿದ್ಧ. ಮೂಲನಿವಾಸಿ ನಿಗಮಗಳ ನೆಲ ಖಾಸಗಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಮೀನು ಮತ್ತು ವನ್ಯಜೀವಿ ಇಲಾಖೆಯ ಆ ಸಾಲಿನ ನಿಯಮ ಪುಸ್ತಿಕೆಯನ್ನೇ ನೋಡಿಕೊಳ್ಳಬೇಕು.

ಅನುಭವಿಗಳು ಎಚ್ಚರಿಸುವ ‘ಮೂಸ್ ಸ್ಟಾಲ್’ ಏನು?

ಕೆಳಗೆ ಕಂಡ ಪ್ರಾಣಿಯ ಮೇಲೆ ಕಣ್ಣಿಟ್ಟು, ಕಡಿಮೆ ಎತ್ತರದಲ್ಲಿ, ಕಡಿಮೆ ವೇಗದಲ್ಲಿ ವಿಮಾನವನ್ನು ವಾಲಿಸಿ ಸುತ್ತು ಹಾಕುವಾಗ ನಡೆಯುವ ಅಪಘಾತ ಇದು. ವಾಲಿದಷ್ಟೂ ರೆಕ್ಕೆ ಹೊರಬೇಕಾದ ಭಾರ ಹೆಚ್ಚುತ್ತದೆ, ಅದರೊಂದಿಗೆ ರೆಕ್ಕೆ ಹಿಡಿತ ಕಳೆದುಕೊಳ್ಳುವ ವೇಗವೂ ಏರುತ್ತದೆ. 60 ಡಿಗ್ರಿ ವಾಲಿ ಎತ್ತರ ಕಾಯ್ದುಕೊಂಡರೆ ಆ ವೇಗ ಶೇಕಡಾ 41ರಷ್ಟು ಹೆಚ್ಚು. ಹಿಂಗಾಳಿಗೆ ತಿರುಗಿದಾಗ ನೆಲ ವೇಗವಾಗಿ ಸರಿಯುವುದನ್ನು ನೋಡಿ ವಿಮಾನಕ್ಕೆ ಸಾಕಷ್ಟು ವೇಗವಿದೆಯೆಂದು ಪೈಲಟ್ ಭ್ರಮಿಸಿ ಹಿಡಿಯನ್ನು ಇನ್ನಷ್ಟು ಎಳೆಯುತ್ತಾನೆ. ಒಂದು ರೆಕ್ಕೆ ಕುಸಿದು ವಿಮಾನ ಗಿರಕಿ ಹೊಡೆಯತೊಡಗಿದರೆ ಸರಿಪಡಿಸಿಕೊಳ್ಳಲು ಬೇಕಾದ ಎತ್ತರ ಅಲ್ಲಿರುವುದಿಲ್ಲ. ಇದು ಅಗ್ಗದ ವಿಮಾನ, ದುಬಾರಿ ವಿಮಾನ ಎಂಬ ಭೇದವಿಲ್ಲದೆ ನಡೆಯುತ್ತದೆ. ಹಿಂದಿನ ಸರಕುಜಾಗದಲ್ಲಿ ಮಾಂಸ ತುಂಬಿದಾಗ ಭಾರಕೇಂದ್ರ ಹಿಂದಕ್ಕೆ ಸರಿದು ಅಪಾಯ ಇಮ್ಮಡಿಯಾಗುವುದರಿಂದ, ಸರಕು ಹೇರಿದ ಮೇಲೆ ಪ್ರಾಣಿ ನೋಡಲು ಸುತ್ತು ಹಾಕುವುದನ್ನು ಪೂರ್ತಿ ಬಿಡಬೇಕು. ಮಾಂಸವನ್ನು ಬಿಗಿಯಾಗಿ ಕಟ್ಟಿರಬೇಕೆಂಬುದೂ ಇದೇ ಕಾರಣಕ್ಕೆ.

ಕೊಂಬುಗಳನ್ನು ಸ್ಟ್ರಟ್‌ಗೆ ಕಟ್ಟಿ ತರಬಹುದೇ?

ಅಲಾಸ್ಕಾದಲ್ಲಿ ಈ ರೂಢಿ ಇದೆ, ಆದರೆ ಹೊರಗೆ ಸರಕು ಕಟ್ಟಲು ಆ ವಿಮಾನಕ್ಕೆ ಎಫ್‌ಎಎ ಅನುಮತಿ ಬೇಕು. ಮೂಸ್ ಕೊಂಬಿನ ಅಗಲವಾದ ತಟ್ಟೆ ಗಾಳಿಯನ್ನು ಕದಡಿ ಬಾಲದ ಮೇಲೆ ಬೀಳಿಸುತ್ತದೆ, ಆದ್ದರಿಂದ ಅನುಮತಿಯಿದ್ದರೂ ಆ ಸುತ್ತಿನಲ್ಲಿ ಬೇರೆ ಸರಕು ಕಡಿಮೆಯಿರಲಿ.

ಸ್ನೇಹಿತರನ್ನು ಕರೆದೊಯ್ದು ಹಣ ಪಡೆಯಬಹುದೇ?

ಖಾಸಗಿ ಪೈಲಟ್ ಇಂಧನ, ಎಣ್ಣೆ, ಇಳಿದಾಣದ ಶುಲ್ಕ, ವಿಮಾನದ ಬಾಡಿಗೆಗಳನ್ನು ಪ್ರಯಾಣಿಕರೊಂದಿಗೆ ಸಮಪಾಲು ಹಂಚಿಕೊಳ್ಳಬಹುದು, ತನ್ನ ಪಾಲನ್ನು ತಾನು ಕೊಡಲೇಬೇಕು. ಅಪರಿಚಿತ ಬೇಟೆಗಾರರ ಮಾಂಸವನ್ನು ಹಣಕ್ಕೆ ಸಾಗಿಸಿದರೆ ಅದು ವಾಣಿಜ್ಯ ಹಾರಾಟ, ಅದಕ್ಕೆ ಬೇರೆಯದೇ ಪರವಾನಗಿ.

ವಿಮಾನದಲ್ಲಿ ಯಾವ ತುರ್ತು ಸಾಮಗ್ರಿ ಇರಬೇಕು?

ಪ್ರತಿಯೊಬ್ಬರಿಗೆ ಒಂದು ವಾರದ ಆಹಾರ, ಕೊಡಲಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮೀನಿನ ಗಾಳಗಳು, ಚಾಕು, ಬೆಂಕಿ ಹೊತ್ತಿಸುವ ಸಾಧನ, ಸೊಳ್ಳೆಬಲೆ, ಸಂಕೇತ ಸಾಧನಗಳು ಇರಬೇಕೆಂದು ಅಲಾಸ್ಕಾದ ಕಾನೂನೇ ಹೇಳುತ್ತದೆ. ಚಳಿಗಾಲದಲ್ಲಿ ಹಿಮದ ಮೇಲೆ ಹೂತುಹೋಗದೆ ನಡೆಯಲು ಕಾಲಿಗೆ ಕಟ್ಟಿಕೊಳ್ಳುವ ಅಗಲವಾದ ಸ್ನೋಶೂ ಮತ್ತು ಮಲಗುಚೀಲವೂ ಸೇರುತ್ತವೆ. ಇದರ ತೂಕವನ್ನು ಲೆಕ್ಕದಲ್ಲಿ ಹಿಡಿಯದವರು ಬಹಳ. ಹಳೆಯ ವಿಮಾನದಲ್ಲಿ 121.5 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಇದ್ದರೆ 406ಕ್ಕೆ ಬದಲಾಯಿಸಿ. ಹಳೆಯ ಸಂಕೇತವನ್ನು ಉಪಗ್ರಹಗಳು ಆಲಿಸುವುದು 2009ರ ಫೆಬ್ರವರಿಯಲ್ಲೇ ನಿಂತಿದೆ.

ಐಡಾಹೊ ರಾಜ್ಯದ ಬೆಟ್ಟಗಳಿಗೂ ಇದೇ ಆಯ್ಕೆ ಸರಿಯೇ?

ಅಷ್ಟಾಗಿ ಅಲ್ಲ. ಅಲ್ಲಿನ ಜಾನ್ಸನ್ ಕ್ರೀಕ್ ಇಳಿದಾಣ ಸಮುದ್ರಮಟ್ಟದಿಂದ 4,900 ಅಡಿಗೂ ಎತ್ತರದಲ್ಲಿದೆ. 30 ಡಿಗ್ರಿ ಸೆಲ್ಸಿಯಸ್‌ನ ಮಧ್ಯಾಹ್ನ ಅಲ್ಲಿನ ತೆಳುಗಾಳಿಯಲ್ಲಿ ವಿಮಾನ ಸುಮಾರು 7,900 ಅಡಿ ಎತ್ತರದಲ್ಲಿರುವಂತೆ ವರ್ತಿಸುತ್ತದೆ, ಮತ್ತು ಎಂಜಿನ್ ತನ್ನ ಶಕ್ತಿಯ ಕಾಲುಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಅಲಾಸ್ಕಾದ ತಗ್ಗಿನ ದಿಣ್ಣೆಗಳಿಗೆ ಸಾಕಾದ 145 ಅಶ್ವಶಕ್ತಿ ಅಲ್ಲಿ ಸಾಲದು. ಬೆಳಗಿನ ತಂಪಿನಲ್ಲೇ ಹೊರಡುವುದು, ದೊಡ್ಡ ಎಂಜಿನ್ ಇರುವುದನ್ನೇ ಕೊಳ್ಳುವುದು, ಎರಡೂ ಬೇಕು.

ಅಮೆರಿಕದಲ್ಲಿ ನೆಲೆಸಿರುವ ಭಾರತೀಯ ನಾಗರಿಕರು ಹೀಗೆ ವಿಮಾನ ಕೊಂಡು ಬೇಟೆಗೆ ಹೋಗಬಹುದೇ?

ಅಲ್ಲಿರುವ ಕನ್ನಡಿಗರಲ್ಲೂ ಹಾರಾಟದ ಹವ್ಯಾಸದವರು ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕು. ವಿಮಾನವನ್ನು ಸ್ವಂತ ಹೆಸರಿನಲ್ಲಿ ನೋಂದಾಯಿಸಲು ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಕೆಲಸದ ವೀಸಾದಲ್ಲಿರುವವರಿಗೆ ಅದು ಸಾಧ್ಯವಿಲ್ಲ. ಲೈಸೆನ್ಸ್ ಕಲಿಯಲು ವಿದೇಶಿಯರು ಮೊದಲು ಸಾರಿಗೆ ಭದ್ರತಾ ಆಡಳಿತದ ಹಿನ್ನೆಲೆ ಪರಿಶೀಲನೆ ದಾಟಬೇಕು. ಭಾರತದ ಪೈಲಟ್ ಲೈಸೆನ್ಸ್ ಇರುವವರು ಅದರ ಆಧಾರದ ಮೇಲೆ ಎಫ್‌ಎಎ ಖಾಸಗಿ ಲೈಸೆನ್ಸ್ ಪಡೆಯಬಹುದು. ತಾತ್ಕಾಲಿಕ ವೀಸಾದವರು ಬಂದೂಕು ಹೊಂದುವುದು ಕೇಂದ್ರ ಕಾನೂನಿನಲ್ಲಿ ನಿಷಿದ್ಧ. ಸಿಂಧುವಾದ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿಯಿದೆ. ಅಮೆರಿಕದ ನಿವಾಸಿಗಳೇ ಅಲ್ಲದ ವಿದೇಶಿಯರು ಅಲಾಸ್ಕಾದಲ್ಲಿ ಯಾವುದೇ ದೊಡ್ಡ ಪ್ರಾಣಿಯನ್ನು ಬೇಟೆಯಾಡಲು ಪರವಾನಗಿ ಪಡೆದ ಮಾರ್ಗದರ್ಶಕರ ಜೊತೆಯಲ್ಲೇ ಹೋಗಬೇಕು. ಹೊರರಾಜ್ಯದ ಅಮೆರಿಕನ್ನರಿಗೂ ಕಂದು ಕರಡಿ, ಡಾಲ್ ಟಗರು, ಬೆಟ್ಟದ ಆಡುಗಳಿಗೆ ಮಾರ್ಗದರ್ಶಕರು ಅಥವಾ ರಾಜ್ಯದಲ್ಲಿ ನೆಲೆಸಿದ ಹತ್ತಿರದ ಬಂಧು ಬೇಕು.

ಕೊಳ್ಳುವುದಕ್ಕಿಂತ ಏರ್ ಟ್ಯಾಕ್ಸಿಯೇ ಲೇಸಲ್ಲವೇ?

ವರ್ಷಕ್ಕೊಂದು ಬೇಟೆಯಷ್ಟೇ ಆದರೆ ಖಂಡಿತ ಲೇಸು. ಬಾಡಿಗೆಯ ಬೀವರ್ ವಿಮಾನ ಇಬ್ಬರನ್ನೂ ಅವರ ಡೇರೆಯನ್ನೂ ಒಂದೇ ಸುತ್ತಿನಲ್ಲಿ ಕೆರೆಯ ಪಕ್ಕ ಇಳಿಸುತ್ತದೆ, ಮತ್ತು ಅದರ ದರ ಸ್ವಂತ ವಿಮಾನದ ವಾರ್ಷಿಕ ಖರ್ಚಿನ ಮುಂದೆ ಚಿಕ್ಕದು. ಬೇಟೆಯಿಲ್ಲದ ತಿಂಗಳುಗಳಲ್ಲೂ ಹಾರುವ ಆಸೆ ಮತ್ತು ಬಿಡುವು ಇರುವವರಿಗಷ್ಟೇ ಸ್ವಂತ ವಿಮಾನದ ಲೆಕ್ಕ ಕೂಡಿಬರುತ್ತದೆ; ಅಪರೂಪಕ್ಕೆ ಹಾರುವ ಪೈಲಟ್ ಜಲ್ಲಿದಿಣ್ಣೆಯಲ್ಲಿ ಇಳಿಯುವಷ್ಟು ಕೈಪಳಗಿಸಿಕೊಂಡಿರುವುದೂ ಇಲ್ಲ. ಒಪ್ಪಂದವನ್ನು ಬರೆದಿಟ್ಟುಕೊಂಡು ಇಬ್ಬರು ಸೇರಿ ಕೊಳ್ಳುವುದು ನಡುವಿನ ದಾರಿ, ಆದರೆ ಸೆಪ್ಟೆಂಬರ್ ಮೊದಲ ವಾರ ಯಾರದೆಂಬುದು ಆ ಒಪ್ಪಂದದಲ್ಲಿ ಇರಲಿ.

ವರ್ಷದ ಯಾವ ಕಾಲದಲ್ಲಿ ಕೊಳ್ಳಬೇಕು?

ಬೇಟೆಯ ಋತು ಮುಗಿದ ಅಕ್ಟೋಬರ್‌ನಿಂದ ಚಳಿಗಾಲದವರೆಗೆ. ಮತ್ತೊಂದು ಚಳಿಗಾಲದ ಬಾಡಿಗೆ ಮತ್ತು ವಿಮೆ ಕಟ್ಟಲು ಮನಸ್ಸಿಲ್ಲದ ಮಾಲೀಕರು ಆಗ ಚೌಕಾಸಿಗೆ ಒಪ್ಪುತ್ತಾರೆ, ಆ ವರ್ಷದ ಪೆಟ್ಟುಗಳೂ ಇನ್ನೂ ಬಣ್ಣದಡಿ ಮರೆಯಾಗಿರುವುದಿಲ್ಲ. ಜುಲೈನಲ್ಲಿ ಕೊಂಡು ಸೆಪ್ಟೆಂಬರಿನಲ್ಲಿ ಮೂಸ್ ಹೊರುವ ಯೋಜನೆ ಬೇಡ. ಚಳಿಗಾಲದಲ್ಲಿ ಕೊಂಡು, ವಸಂತದಲ್ಲಿ ರಿಪೇರಿ ಮುಗಿಸಿ, ಬೇಸಿಗೆಯುದ್ದಕ್ಕೂ ಮರಳಿನ ಚೀಲಗಳನ್ನು ಹೊತ್ತು ಇಳಿದೇರುವ ಅಭ್ಯಾಸ ಮಾಡಲು ಸಮಯ ಉಳಿಯಬೇಕು.